ಅಚ್ಚುವಿನ ಟಿಕೆಟ್ಟು

ಬೆಲ್ಲದ ಬಣ್ಣವಂತೆ ಇವಳದು. ಕಂಡವರ ಮಾತು,
ನಾನು ಕಂಡಿಲ್ಲ. ಅದಕ್ಕೇ ಅಚ್ಚು ಅಂತ ಕರೆದೆ.

ಮಂಡ್ಯ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳೂಮುಕ್ಕಾಲು.
ಬೋಂಡದ ಎಣ್ಣೆ, ಡೀಸೆಲ್ಲು, ಎಲ್ಲಿಂದಲೋ ಕಾಕಂಬಿ ವಾಸನೆ.
ಇವಳ ಬೆನ್ನ ಮೇಲಿನ ಹಿಡಿ ನನ್ನ ಎಡಗೈಗೆ
ಮೆಟ್ಟಿಲು ಬಂತು ಅನ್ನುತ್ತದೆ, ನಿಲ್ಲುತ್ತದೆ.

"ನಾಯಿಗೆ ಅರ್ಧವೋ ಪೂರ್ತಿಯೋ?" ಕಂಡಕ್ಟರ್ ಕೇಳುತ್ತಾನೆ.
ಇವಳು ನನ್ನ ಕಣ್ಣಪ್ಪ, ಅನ್ನಬಹುದಿತ್ತು;
ಸಿನಿಮಾ ಡೈಲಾಗಾಗುತ್ತದೆ. ಕಾರ್ಡು ತೋರಿಸುತ್ತೇನೆ.
ಅವನು ಓದಿ ಮುಗಿಸುವಷ್ಟರಲ್ಲಿ ಹಿಂದಿನವರ ಗೊಣಗಾಟ.

"ಕಚ್ಚಾಕಿಲ್ವಾ?"
ಇಲ್ಲ.
"ಚ್ಚು ಚ್ಚು ಚ್ಚು..."
ಕರೀಬೇಡಿ ಸ್ವಾಮಿ, ಡ್ಯೂಟಿಯಲ್ಲಿದ್ದಾಳೆ.
ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸದ್ದು
ನನಗೂ ಕೇಳಿಸುತ್ತದೆ, ಅವಳಿಗೂ.
ಹಿಡಿ ಕೂದಲೆಳೆಯಷ್ಟು ನಡುಗಿ ಸುಮ್ಮನಾಗುತ್ತದೆ.
ಬಸ್ಸು ಓಡಿಸುವಾಗ ಡ್ರೈವರಿಗೆ
ಯಾರಾದರೂ ಕಚಗುಳಿ ಇಡುತ್ತಾರೆಯೇ?
ನಗು. ಪೊಟ್ಟಣ ಮಡಚಿದ ಸದ್ದು.

ಹೆಸರೇನು, ಏನು ತಿನ್ನುತ್ತೆ, ಎಷ್ಟು ವರ್ಷ,
ದಿನಾ ಮೈಸೂರಿನವರೆಗೂ ಅವಳದೇ ಜಾತಕ.

ಇವತ್ತು ಬಾಬುರಾಯನಕೊಪ್ಪಲಿನಲ್ಲಿ ಹತ್ತಿದ
ವೀಳ್ಯದೆಲೆ ವಾಸನೆಯ ಹೆಂಗಸು
ಮಂಕರಿ ಎತ್ತಿ ತೊಡೆ ಮೇಲಿಟ್ಟುಕೊಂಡಳು.
"ಬಾಲ ಐತೆ, ತುಳೀಬ್ಯಾಡ್ರಪ್ಪೋ" ಅಂದಳು ನಿಂತವರಿಗೆ.
ಅಚ್ಚುವನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ.
ಹೊಳೆಯ ಗಾಳಿ ಕಿಟಕಿಗೆ ಬಂದು ಹೋದ ಮೇಲೆ
ನನ್ನ ಕಡೆ ತಿರುಗಿ (ದನಿ ತಿರುಗಿದ್ದು ಗೊತ್ತಾಗುತ್ತದೆ)
"ನಿನ್ನೆಸ್ರೇನವ್ವ?"

ಎರಡು ವರ್ಷದಲ್ಲಿ ಈ ಬಸ್ಸಿನಲ್ಲಿ
ಯಾರೂ ಕೇಳಿರಲಿಲ್ಲ.
ತಡವರಿಸಿದೆ.
ಹೊಂಬಾಳಮ್ಮ, ಅಂದೆ.
ಚಪ್ಪಲಿಯ ಮೇಲೆ ಅಚ್ಚು ಗದ್ದ ಊರಿದಳು.