ತೂಕದ ಕೋಣೆ

ಬೆಳಗಿನ ಐದೂವರೆ. ದೋಣಿಗಳು ಬಂದು ದಡ ತಾಗುವ ಮೊದಲು
ಪಿಕು ದ್ವೀಪದ ಬಂದರಿನ ತೂಕದ ಕೋಣೆಗೆ
ದೀಪ ಹಾಕುವವಳು ನಾನು, ಇದಲೀನಾ.
ಇಪ್ಪತ್ತೇಳು ವರ್ಷವಾಯಿತು. ನನ್ನ ಕೈಗೆ ಮೀನಿನ ವಾಸನೆ,
ಕೀಲಿಮಣೆಗೂ ಅದೇ.

ಎದುವೀನು ಬರೆದಿಟ್ಟುಹೋದ ಪ್ರೋಗ್ರಾಂ ಒಂದಿತ್ತು.
ಕಪ್ಪು ಪರದೆ, ಹಸಿರು ಅಕ್ಷರ.
ಕೇಳುತ್ತಿದ್ದುದು ಒಂದೇ ಮಾತು: ಎಷ್ಟು?
ನಲವತ್ತೊಂದೂವರೆ ಕಿಲೊ, ಎನ್ನುತ್ತಿದ್ದೆ.
ಬರೆದುಕೊಂಡು ಮತ್ತೆ: ಎಷ್ಟು?
ಇಷ್ಟೇ ಮಾತಿನಲ್ಲಿ ಸಂಸಾರ ತೂಗಿಸಿದವರು
ಈ ದ್ವೀಪದಲ್ಲಿದ್ದಾರೆ, ಹೆಸರು ಬೇಡ.

ಆಮೇಲೆ ಲಿಸ್ಬನ್ನಿನಿಂದ ಬಂತು ಕಟ್ಟು.
ಕಟ್ಟಿನೊಳಗೆ ಹದಿನಾಲ್ಕು:
ತೂಕ, ರಸೀದಿ, ಸಂಬಳ, ಅಂಚೆ, ಕ್ಯಾಲೆಂಡರು,
ಬಣ್ಣದ ಚಿತ್ರ ತೋರಿಸಿ ಭಾಷಣ ಮಾಡಲಿಕ್ಕೆ ಇನ್ನೊಂದು.
ಯಾರೆದುರಿಗೆ? ಮಂಜುಗಡ್ಡೆಯ ಮೇಲೆ ಮಲಗಿದ ಟ್ಯೂನಾಗಳೆದುರಿಗೆ?
ಒಂದರ ಉಪಯೋಗ ನನಗೆ ಈವತ್ತಿಗೂ ಗೊತ್ತಿಲ್ಲ,
ಅದು ಮಾತ್ರ ದಿನವೂ ಮೂಲೆಯಿಂದ
ಕೆಂಪು ಚುಕ್ಕೆ ಇಟ್ಟು ಕರೆಯುತ್ತದೆ.

ಸುಳ್ಳು ಹೇಳಬಾರದು, ಕಟ್ಟಿನಲ್ಲಿ ಸುಖವಿತ್ತು.
ಮೊದಲು ತೂಕ ಒಂದು ಕಡೆ, ರಸೀದಿ ಇನ್ನೊಂದು ಕಡೆ,
ನಡುವಿನ ಸೇತುವೆ ನನ್ನ ಬೆರಳು.
ಒಂದು ನವೆಂಬರಿನಲ್ಲಿ ಲಿಬೇರಿಯುವಿನ ೪೧೨
ಸೇತುವೆ ದಾಟುವಾಗ ೧೪೨ ಆಯಿತು.
ಮೂರು ವಾರ ಯಾರಿಗೂ ಕಾಣಲಿಲ್ಲ. ಕಂಡ ಮೇಲೆ
ಅವನ ಹೆಂಡತಿ ಒರ್ಲಾಂದೀನಾ, ಚರ್ಚಿನ ಮೆಟ್ಟಿಲಲ್ಲಿ,
ನನ್ನನ್ನು ಗೋಡೆಯ ಹಾಗೆ ನೋಡಿ ಮುಂದೆ ಹೋದಳು.
ಕಟ್ಟಿನಲ್ಲಿ ಹಾಗಾಗದು. ತಕ್ಕಡಿಯಿಂದ ಬ್ಯಾಂಕಿನವರೆಗೆ
ಅಂಕಿ ತಾನೇ ನಡೆದುಹೋಗುತ್ತದೆ
ದಾರಿಯಲ್ಲಿ ಯಾರ ನಿದ್ದೆಗಣ್ಣಿಗೂ ಸಿಗದೆ.
ನಾನು ಕಾಫಿ ಕುಡಿಯಬಹುದು.

ಕುಡಿದೆ ಕೂಡ. ತೆರೆದುಕೊಳ್ಳಲು ಅದಕ್ಕೆ ನಾಲ್ಕು ನಿಮಿಷ ಬೇಕು.

ಒಂದು ಜನವರಿ. ತೆಂಕಣ ಗಾಳಿ.
ಹನ್ನೊಂದು ದೋಣಿ ಒಟ್ಟಿಗೇ ಒಳಗೆ ನುಗ್ಗಿವೆ,
ಪರದೆ ಹೇಳುತ್ತದೆ: ಲೈಸೆನ್ಸ್ ಮುಗಿದಿದೆ.
ಸಂಬಳದ ಭಾಗಕ್ಕೆ ಯಾರೋ ಹಣ ಕಟ್ಟಿಲ್ಲವಂತೆ,
ಅದಕ್ಕೆ ತಕ್ಕಡಿಗೂ ಬೀಗ.
ಹನ್ನೊಂದು ದೋಣಿಗೆ ಒಂದೇ ಹಗ್ಗ ಕಟ್ಟಿದವರು ಯಾರು,
ಎಂದ ಲಿಬೇರಿಯು, ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ.
ಮಂಜು ಕರಗಿ ನೀರು ಹೊಸ್ತಿಲು ದಾಟಿ
ನನ್ನ ಚಪ್ಪಲಿಯ ತನಕ ಬಂತು.

ಮೇಜಿನ ಕೆಳಗಿನಿಂದ ಹಳೆಯ ಪೆಟ್ಟಿಗೆ ಎಳೆದೆ,
ಮೇಣಗಪ್ಪಡ ತೆಗೆದೆ, ಗುಂಡಿ ಒತ್ತಿದೆ.
ಎಷ್ಟು? ಎಂದಿತು,
ಆರು ವರ್ಷ ಎಲ್ಲಿದ್ದೆ ಎಂದು ಕೇಳದೆ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು.
ಆದರೆ ಅದಕ್ಕೆ ಗೊತ್ತಿರುವ ಪ್ರಿಂಟರು ಈಗ ಲೋಕದಲ್ಲೇ ಇಲ್ಲ,
ಹನ್ನೊಂದು ರಸೀದಿ ಪೆನ್ಸಿಲಿನಲ್ಲಿ ಬರೆದೆ.
ಒಟ್ಟು ೯೯೯೯ ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ,
ಅಷ್ಟು ದೊಡ್ಡ ದೋಣಿ ಎದುವೀನು ಕಂಡಿರಲಿಲ್ಲ.
ಕೇಳೋಣವೆಂದರೆ ಅವನು ದ್ರಾಕ್ಷಿತೋಟದಾಚೆಯ ಸ್ಮಶಾನದಲ್ಲಿ.
ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಎನ್ನುವವರು
ಮುತ್ತು ಒಡೆದ ದಿನ ಏನು ಕಟ್ಟುತ್ತಾರೆ?

ರಿಪೇರಿಯ ಹುಡುಗ ತೆಲ್ಮು ಹೇಳುತ್ತಾನೆ:
ಸಣ್ಣಸಣ್ಣವನ್ನೇ ಸಾಲಾಗಿ ನಿಲ್ಲಿಸಬೇಕು,
ಮೀನಿನ ಬುಟ್ಟಿ ಕೈಯಿಂದ ಕೈಗೆ ದಾಟಿಸುವ ಹಾಗೆ.
ಸರಿ ಮಗೂ, ಎಂದೆ. ನಾನು ಆ ಸಾಲಿನಲ್ಲಿ ನಿಂತವಳು.
ನಡುವೆ ಒಬ್ಬನಿಗೆ ಜ್ವರ ಬಂದರೆ
ಬುಟ್ಟಿ ಬೀಳುವುದು ಪಕ್ಕದವನ ಕಾಲ ಮೇಲೆ.

ಈಗ ಎರಡೂ ಇವೆ. ಬೆಳಿಗ್ಗೆ ಹಳೆಯದು,
ಸಂಜೆ ಕೂತು ಅದರ ಲೆಕ್ಕ ಕಟ್ಟಿಗೆ ತುಂಬುತ್ತೇನೆ,
ಪ್ರತಿ ಅಂಕಿಯನ್ನೂ ಎರಡು ಸಲ ಗಟ್ಟಿಯಾಗಿ ಓದಿ.
ಮೂರ್ಖತನವೇ. ಲಿಸ್ಬನ್ನಿಗೆ ತಿಳಿಸಿಲ್ಲ.
ಮುಚ್ಚುವಾಗ ಕಟ್ಟು ವಿಚಾರಿಸುತ್ತದೆ:
ನಿಮ್ಮ ಅನುಭವ ಹೇಗಿತ್ತು? ಎಷ್ಟು ನಕ್ಷತ್ರ?
ಹಳೆಯದು ಏನೂ ಅನ್ನದೆ ಕಪ್ಪಾಗುತ್ತದೆ.
ಎದುವೀನುವೂ ಹಾಗೆಯೇ, ಕೆಲಸ ಮುಗಿದರೆ
ಟೊಪ್ಪಿ ತೆಗೆದುಕೊಂಡು ಹೊರಟುಬಿಡುತ್ತಿದ್ದ,
ನಾವು ಮಾತಾಡುತ್ತಿದ್ದರೂ.