ಕಾಲು ಗುಳಿಗೆ

ಹೊಲಿಗೆ ಬಿಚ್ಚುವ ಬ್ಲೇಡು ಇದು.
ನೇವಿಯವರ ಬಿಳಿ ಅಂಗಿಯ ತೋಳು ಬಿಚ್ಚಿ ಸಣ್ಣ ಮಾಡಿದ್ದು.
ಈಗ ಇದರಲ್ಲೇ ಗುಳಿಗೆ ಕೊಯ್ಯುತ್ತೇನೆ,
ಅರ್ಧ, ಅರ್ಧದಲ್ಲಿ ಅರ್ಧ,
ಉದುರಿದ ಪುಡಿಯನ್ನು ಬೆರಳ ತುದಿಗೆ ಒತ್ತಿ ನೆಕ್ಕುತ್ತೇನೆ
ಸಕ್ಕರೆ ಡಬ್ಬಿಗೆ ಕೈಹಾಕಿದ ಹುಡುಗಿಯಂತೆ ಆಚೀಚೆ ನೋಡಿ.

ಹತ್ತು ದಿನಕ್ಕೆಂದು ಬರೆದದ್ದು, ಗರ್ಭಕೋಶ ತೆಗೆಸಿದ ವರ್ಷ.
ಹತ್ತು ದಿನ ಒಂಬತ್ತು ವರ್ಷವಾಯಿತು.
ಕೋಡಿಬಾಗದ ಮೆಡಿಕಲ್ಲಿನ ಉಲ್ಲಾಸ ಚೀಟಿ ಕೇಳುವುದನ್ನು ಬಿಟ್ಟಿದ್ದ,
ನಾನು ಕನಸು ಕಾಣುವುದನ್ನು.

ಅದು ನಿದ್ದೆಯೂ ಅಲ್ಲ ಅನ್ನಿ.
ಕರೆಂಟು ಹೋದ ಹಾಗೆ.
ಬೆಳಿಗ್ಗೆ ಬಂದರೆ ಮಿಶಿನ್ನು ನಿಂತಲ್ಲಿಂದಲೇ ಶುರು,
ಬಾಯಲ್ಲಿ ತಾಮ್ರದ ಕಾಸು.
ಒಮ್ಮೆ ಅಧಿಕಾರಿಯೊಬ್ಬರ ಅಂಗಿಗೆ ಎರಡೂ ಎಡತೋಳು ಹಚ್ಚಿಬಿಟ್ಟೆ.
ಅವರು ನಕ್ಕರು.
ನಾನು ಮನೆಗೆ ಬಂದು ಪೊಟ್ಟಣವನ್ನೇ ಕಸಕ್ಕೆ ಹಾಕಿದೆ.

ಅದೇ ತಪ್ಪು.

ಮೊದಲ ರಾತ್ರಿ ಏನಿಲ್ಲ, ಜಂಬ.
ಎರಡನೆಯ ರಾತ್ರಿ ಫ್ರಿಜ್ಜು ಮಾತಾಡತೊಡಗಿತು.
ಮೂರನೆಯದರಲ್ಲಿ ಎದೆಯೊಳಗೆ ಯಾರೋ ಪೆಡಲು ತುಳಿಯುತ್ತಿದ್ದರು,
ನೂಲಿಲ್ಲ, ಬಟ್ಟೆಯಿಲ್ಲ,
ಬರೇ ಸೂಜಿ ಇಳಿಯುತ್ತದೆ, ಏರುತ್ತದೆ, ಇಳಿಯುತ್ತದೆ.
ಚರ್ಮದಡಿ ಇರುವೆ. ಪರದೆಯ ಹೂವಿಗೆ ಹಲ್ಲು.
ಸತ್ತೇಹೋದೆನೆಂದು ಪಕ್ಕದ ಮನೆ ಫಿಲೋಮಿನಾಳ ಬಾಗಿಲು ಬಡಿದೆ.
ಅವಳು ಏನೂ ಕೇಳಲಿಲ್ಲ, ಗಂಜಿ ಬಿಸಿಮಾಡಿದಳು.

ದೊಡ್ಡಾಸ್ಪತ್ರೆಯ ಡಾಕ್ಟರ್ ಹುಡುಗಿಯೂ ಬೈಯಲಿಲ್ಲ.
"ನೂಲು ಹಿಡಿದು ಜಗ್ಗಿದರೆ ಬಟ್ಟೆ ಹರಿಯುತ್ತದಲ್ಲ,
ಒಂದೊಂದೇ ಟಾಕಿ ಬಿಚ್ಚಿ" ಅಂದಳು.
ಟೇಲರಿಗೆ ಟೇಲರಿನ ಮಾತು. ಯಾರು ಕಲಿಸಿದರೋ.
ಹದಿನೈದು ದಿನಕ್ಕೊಮ್ಮೆ ಒಂದು ಚೂರು ಕಡಿಮೆ,
ಕ್ಯಾಲೆಂಡರಿನ ಮೇಲೆ ಗುರುತಿನ ಚಾಕಿನ ಗೀಟು.
ಒಮ್ಮೆ ತಡೆಯಲಾರದೆ ಎರಡು ಗೀಟು ಒರೆಸಿದ್ದೂ ಉಂಟು.

ಈಗ ಏಳನೆಯ ತಿಂಗಳು.
ಎರಡು ಗಂಟೆಗೇ ಎಚ್ಚರ.
ಬೈತಖೋಲದಿಂದ ಬೋಟುಗಳ ಗುಡುಗುಡು.
ತಾರಸಿ ಹತ್ತಿದರೆ ದೇವಗಡದ ದೀಪ ಕಣ್ಣು ಮುಚ್ಚಿ ತೆರೆಯುತ್ತದೆ.
ಅದಕ್ಕೂ ನಿದ್ದೆಯಿಲ್ಲ,
ಆದರೆ ಅದು ಸರಕಾರಿ ನೌಕರಿ.

ಹೆದರಿಕೆ ಹೋಗಿಲ್ಲ. ಬರುತ್ತದೆ, ಸ್ಟೂಲು ಎಳೆದು ಕೂರುತ್ತದೆ
ಅಳತೆ ಕೊಡಲು ಬಂದ ಗಿರಾಕಿಯ ಹಾಗೆ.
ಎದೆ ಎಷ್ಟು, ಕುತ್ತಿಗೆ ಎಷ್ಟು, ಬರೆದುಕೊಳ್ಳುತ್ತೇನೆ.
ಯಾವತ್ತಿಗೆ ಹೊಲಿದುಕೊಡುವೆ ಎಂದು ಮಾತ್ರ ಹೇಳುವುದಿಲ್ಲ.

ಮೊನ್ನೆ ಕನಸು ಬಿತ್ತು.
ದೊಡ್ಡದೇನಲ್ಲ. ಸುಂಕೇರಿಯ ಗಜನಿಯಲ್ಲಿ
ಆಯಿ ಬಗ್ಗಿ ನನ್ನದೊಂದು ಚಪ್ಪಲಿ ಹುಡುಕುತ್ತಿದ್ದಳು.
ಸಿಗಲಿಲ್ಲ.
ಎದ್ದು ಕೂತು, ಬೆಳಕು ಹರಿಯುವ ತನಕ
ಕೆಸರಾಗಿದೆಯೇ ಎಂದು
ಕಾಲು ಮುಟ್ಟಿ ಮುಟ್ಟಿ ನೋಡಿಕೊಂಡೆ.