ಒಂದು ಅಂಕದ ಪ್ರಶ್ನೆ

ದ್ವೀಪ ಎಂದರೇನು?
ಇಪ್ಪತ್ತಾರು ವರ್ಷ ಕೇಳಿದ್ದೇನೆ, ರಾಣೆಬೆನ್ನೂರಿನಲ್ಲಿ,
ತಗಡಿನ ಮಾಡಿನ ಕೆಳಗೆ, ಸೀಮೆಸುಣ್ಣದ ಕೈಯಲ್ಲಿ.
ಎಲ್ಲ ಕಡೆಯೂ ನೀರಿನಿಂದ ಸುತ್ತುವರಿದ ಭೂಭಾಗ.
ಸುತ್ತುವರೆದ ಎಂದು ಬರೆದವರಿಗೂ ಅಂಕ ಕೊಟ್ಟಿದ್ದೇನೆ.
ಕಾಲಿಟ್ಟದ್ದು ಮಾತ್ರ ಇಲ್ಲ, ಒಂದಕ್ಕೂ.

ನಿವೃತ್ತಿಗೆ ಎಂಟು ತಿಂಗಳಿರುವಾಗ
ನಾದಿನಿ ಕಸ್ತೂರಿ ಎಳೆದು ತಂದಳು ಕಾರವಾರಕ್ಕೆ.
ಕೋಡಿಬಾಗದ ಜೆಟ್ಟಿಯಲ್ಲಿ ಹಲಗೆ:
ದ್ವೀಪ, ಲಗೂನು, ಡಾಲ್ಫಿನ್, ತಲೆಗೆ ಮುನ್ನೂರೈವತ್ತು.
ಲಗೂನು ಎಲ್ಲಿದೆಯಪ್ಪಾ, ಎಂದೆ.
ದೋಣಿಯ ಹುಡುಗ ಉಲ್ಲಾಸ ತಾಂಡೇಲ ಹಲ್ಲು ಬಿಟ್ಟ:
ನಮ್ಮ ಖಾರಿಯೇ ಮೇಡಂ. ಹಾಗೆ ಬರೆದರೆ
ಐವತ್ತು ರೂಪಾಯಿ ಹೆಚ್ಚು ಹುಟ್ಟುತ್ತದೆ.

ಕಿತ್ತಳೆ ಬಣ್ಣದ ಜಾಕೀಟು, ಯಾರದೋ ಬೆವರಿನ್ನೂ ಆರಿಲ್ಲ.
‘ಖಾಪ್ರಿ ಪ್ರಸಾದ’ ಕೆಮ್ಮಿತು, ಕೆಮ್ಮಿತು, ಹೊರಟಿತು.
ಗದಗಿನ ಬಟ್ಟೆ ಅಂಗಡಿಯವರು ನಾಲ್ವರು,
ಮದರಂಗಿ ಮಾಸದ ಒಂದು ಜೋಡಿ, ನಾವಿಬ್ಬರು.
ಬಲಕ್ಕಿದ್ದ ಸದಾಶಿವಗಡ ನಿಧಾನ ಹಿಂದಕ್ಕೆ ತಿರುಗಿತು.
ನಕ್ಷೆಯಲ್ಲಿ ಅದು ಯಾವತ್ತೂ ತಿರುಗಿದ್ದಿಲ್ಲ.

ಕೂರ್ಮಗಡ ಕಂಡಿತು. ಆಮೆಯ ಹಾಗಿದೆ ಎಂದರು ಎಲ್ಲರೂ.
ನನಗೆ ಮಗುಚಿಟ್ಟ ಬಾಣಲೆ ಕಂಡಿತು, ಸುಮ್ಮನಿದ್ದೆ.
ಅಲೆ ಜೋರಿದೆ, ಇವತ್ತು ಇಳಿಸೋದಿಲ್ಲ, ಎಂದ ಉಲ್ಲಾಸ.
ಡಾಲ್ಫಿನ್?
ಅವಕ್ಕೂ ರಜೆ.
ಗದಗಿನವರು ದುಡ್ಡು ವಾಪಸಿನ ಮಾತು ತೆಗೆದರು.
ಕಸ್ತೂರಿ ಅವಲಕ್ಕಿ ಪೊಟ್ಟಣ ಬಿಚ್ಚಿದಳು.

ಮರಳುವಾಗ ಇಳಿತ. ಕಾಳಿಯ ಬಾಯಲ್ಲಿ
ಮರಳಿನ ಬೆನ್ನೊಂದು ಎದ್ದಿತ್ತು, ಬೆಳಗ್ಗೆ ಇರಲಿಲ್ಲ.
ಇದೂ ದ್ವೀಪವೇ? ಎಷ್ಟು ಗಂಟೆಯವರೆಗೆ?
ಪುಸ್ತಕದಲ್ಲಿ ಗಡಿಯಾರದ ಮಾತಿಲ್ಲ.

ಕಾಂಡ್ಲಾ ಗಿಡಗಳ ನಡುವೆ ಎಂಜಿನ್ ಆರಿಸಿದ.
ಒಮ್ಮೆಲೇ ನಮ್ಮ ನಮ್ಮ ಉಸಿರು ಕೇಳಿಸಿತು.
ಅಲ್ಲಿ ಎದೆಮಟ್ಟ ನೀರಲ್ಲಿ ಒಬ್ಬ ಹೆಂಗಸು,
ನೈಟಿಯ ಮೇಲೆ ಗಂಡಸಿನ ಅಂಗಿ, ತಲೆಗೆ ಟವೆಲು,
ಕಾಲಲ್ಲೇ ಕೆಸರನ್ನು ತಡಕುತ್ತಿದ್ದಳು.
ಮುಳುಗಿದಳು. ಎದ್ದಳು. ಮುಷ್ಟಿ ತುಂಬ ತಿಸರೆ.
ಸೊಂಟಕ್ಕೆ ಕಟ್ಟಿದ ಥರ್ಮಾಕೋಲ್ ಪೆಟ್ಟಿಗೆ
ಹಟ ಹಿಡಿದ ಮಗುವಿನಂತೆ ಹಿಂದೆ ಹಿಂದೆ.

ಫೋನುಗಳು ಮೇಲೆದ್ದವು. ಡಾಲ್ಫಿನ್ನಿಗೆಂದು
ಉಳಿಸಿಟ್ಟ ಚಾರ್ಜೆಲ್ಲ ಅವಳ ಮೇಲೆ.

ಅವಳು ಕೊಂಕಣಿಯಲ್ಲಿ ಕೂಗಿದಳು, ಉಲ್ಲಾಸನಿಗೇ.
ಬೈಗುಳಕ್ಕೆ ಅನುವಾದ ಬೇಕಿರಲಿಲ್ಲ. ಆದರೂ ಹೇಳಿದ,
ಕಿವಿ ಕೆಂಪಗಾಗಿ:
ನಮ್ಮಮ್ಮ. ಶೇವಂತಿ.
ನನ್ನ ತೋರಿಸೋಕೆ ತಲೆಗೆ ಎಷ್ಟು ತಗೊಂಡೆ, ನನ್ನ ಪಾಲೆಲ್ಲಿ,
ಬಿ.ಪಿ. ಗುಳಿಗೆ ತಂದೆಯೋ ಇಲ್ಲವೋ, ಅಂತಿದ್ದಾಳೆ.

ಮೊದಲು ಮದುಮಗಳ ಫೋನು ಕೆಳಗಿಳಿಯಿತು.

ತಂದಿರಲಿಲ್ಲ ಅವನು.
ಎಷ್ಟು ಪವರಿಂದು ಕೇಳು, ಎಂದಳು ಕಸ್ತೂರಿ.
ಐದರದ್ದೇ. ಇವಳದ್ದೂ ಐದರದ್ದೇ.
ನಾಲ್ಕು ಗುಳಿಗೆಯ ತುಂಡು ಹರಿದು
ಅವಲಕ್ಕಿಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಸೆದಳು.
ಶೇವಂತಿ ಒಂದೇ ಕೈಯಲ್ಲಿ ಹಿಡಿದಳು, ಅದನ್ನು ಇಳಿಸಲೇ ಇಲ್ಲ.
ಸುತ್ತ ನೀರು, ಮೇಲೊಂದು ಒಣಗಿದ ಕೈ.
ನಾವು ತಿರುವು ದಾಟುವವರೆಗೂ ಹಾಗೇ.

ಅದಕ್ಕೂ ಮೊದಲೇ ಎರಡು ಬೊಗಸೆ ತಿಸರೆ
ದೋಣಿಯೊಳಕ್ಕೆ ಬಿದ್ದಿತ್ತು, ಬೇಡ ಬೇಡವೆಂದರೂ.
ನಮ್ಮಲ್ಲಿ ಇದನ್ನು ತಿನ್ನುವುದಿರಲಿ,
ಹೆಸರೆತ್ತಿದರೂ ಅತ್ತೆ ಬಾಯಿ ಮುಕ್ಕಳಿಸುತ್ತಿದ್ದರು.

ಅರಬೈಲು ಘಟ್ಟ ಏರುವಾಗ ಚೀಲ ಸೋರಿ
ನನ್ನ ಸೀರೆಯ ಮೇಲೆ ಉಪ್ಪಿನ ನಕ್ಷೆ ಬಿಡಿಸಿತು.
ಒಳಗೆ ಟಿಕ್, ಟಿಕ್, ಬಾಯಿ ತೆರೆದು ಮುಚ್ಚುವ ಸದ್ದು.
ಕಂಡಕ್ಟರು ಮೂಗರಳಿಸಿ ನಿಂತ. ಅಂಕೋಲೆಯವನಂತೆ.
ಕೊಟ್ಟುಬಿಟ್ಟೆ.
ಸೊನ್ನೆ ರೂಪಾಯಿಯ ಟಿಕೆಟ್ಟಿಗೆ ಅಷ್ಟು ಸಾಕು, ಎಂದಳು ಕಸ್ತೂರಿ.

ಯಲ್ಲಾಪುರದ ನಿಲ್ದಾಣದಲ್ಲಿ, ಚಹಾಕ್ಕೂ ಹೋಗದೆ,
ಅವನು ಚೀಲದ ಬಾಯಿ ಬಿಚ್ಚಿ
ತನ್ನ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದ.
ಸಮುದ್ರ ಎಷ್ಟು ಕಿಲೋಮೀಟರು ಹಿಂದೆ ಉಳಿಯಿತೆಂದು
ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ.